ಶಿವಮೊಗ್ಗದಲ್ಲಿ ಕಿಟಕಿ ಗಾಜು ಒರೆಸೋ ಕೆಲಸಕ್ಕೆ ಆ್ಯಪ್ ಬುಕಿಂಗ್ ಆಗಿಬರುತ್ತಾ?

ನೀವೂ ನಿಮ್ಮ ತಮ್ಮನೂ ಸೇರಿ ಶಿವಮೊಗ್ಗದಲ್ಲಿ ಕಿಟಕಿ, ಗಾಜು ಕ್ಲೀನ್ ಮಾಡೋ ಕೆಲಸ ಶುರುಮಾಡಬೇಕು ಅಂತಿದ್ದೀರಿ. ಹೊಸದಾಗಿ ಬರ್ತಿರೋ ಒಂದು ಬುಕಿಂಗ್ ಆ್ಯಪ್‌ನವರು ನಿಮ್ಮನ್ನ ಕರೆದಿದ್ದಾರೆ, ಸೇರೋಕೆ ಮುಂಗಡ ಕಟ್ಟಿ ಅಂತಲೂ ಹೇಳಿದ್ದಾರೆ. ಇದನ್ನ ನಂಬಿಕೊಂಡು ಇಳಿಯಬಹುದಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಕೆಲವು ವರ್ಷ ಬೆಂಗಳೂರಲ್ಲಿ ಇಂಥದೇ ಆ್ಯಪ್ ಮೂಲಕ ಕ್ಲೀನಿಂಗ್ ಮಾಡಿ, ಆಮೇಲೆ ಊರಿಗೆ ಬಂದು ಇಬ್ಬರು ಹುಡುಗರನ್ನ ಇಟ್ಟುಕೊಂಡು ಸ್ವಂತ ಮಾಡ್ತಿದ್ದೀನಿ. ಎರಡೂ ಕಡೆ ನೋಡಿದವನಾಗಿ ಹೇಳ್ತೀನಿ: ಮೊದಲ ಒಂದಷ್ಟು ಗಿರಾಕಿ ಸಿಗೋಕೆ ಆ್ಯಪ್ ಉಪಯೋಗಕ್ಕೆ ಬರಬಹುದು. ಮನೆ ನಡೆಸೋಕೆ ಅದನ್ನೇ ನೆಚ್ಚಿಕೊಂಡರೆ ನಮ್ಮ ಊರಲ್ಲಿ ಕಷ್ಟ.

ಆ್ಯಪ್ ಮೇಲೆ ನನಗೆ ಸಿಟ್ಟೇನಿಲ್ಲ. ಕರೆದ ಕೂಡಲೇ ಬರೋ ಸೇವೆ ಯಾವ ಕೆಲಸಕ್ಕೆ ಹೊಂದುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ನಲ್ಲಿ ಮುರಿದು ಅಡುಗೆಮನೆ ತುಂಬ ನೀರಾದರೆ, ಮಳೆಗಾಲದಲ್ಲಿ ಗೀಸರ್ ಕೈಕೊಟ್ಟರೆ ಜನ ಸಿಕ್ಕಿದವರನ್ನ ಕರೆಸ್ತಾರೆ, ಹೇಳಿದಷ್ಟು ಕೊಡ್ತಾರೆ. ಗಾಜಿಗೆ ಧೂಳು ಹಿಡಿದಿದೆ ಅಂತ ಯಾರೂ ನಿದ್ದೆಗೆಡಲ್ಲ. ಇವತ್ತಲ್ಲದಿದ್ದರೆ ನಾಳೆ, ನಾಳೆ ಅಲ್ಲದಿದ್ದರೆ ಗೌರಿ ಹಬ್ಬಕ್ಕೆ. ಅರ್ಜೆಂಟ್ ಇಲ್ಲದ ಕೆಲಸಕ್ಕೆ ಅರ್ಜೆಂಟ್‌ನ ಕಮಿಷನ್ ಕೊಡೋದು ಯಾಕೆ ಅನ್ನೋದೇ ನನ್ನ ತಕರಾರು.

ಬೆಂಗಳೂರಲ್ಲಿ 2022ರಲ್ಲಿ ಬಂದ ನಮ್ಮ ಯಾತ್ರಿ ಅನ್ನೋ ಆಟೋ ಬುಕಿಂಗ್ ಆ್ಯಪ್ ನೋಡಿ. ಪ್ರತಿ ಬಾಡಿಗೆಯಲ್ಲೂ ಪಾಲು ಕೇಳದೆ, ಚಾಲಕರಿಂದ ಸಣ್ಣ ಶುಲ್ಕ ತಗೊಂಡು ನಡೀತಿದೆ. ಅದು ನಡೆಯೋದು ಒಬ್ಬ ಚಾಲಕನಿಗೆ ದಿನಕ್ಕೆ ಹತ್ತಾರು ಬಾಡಿಗೆ ಇರುತ್ತೆ, ಇಳಿಸಿದ ಜಾಗದಲ್ಲೇ ಇನ್ನೊಂದು ಸಿಗುತ್ತೆ ಅನ್ನೋ ಕಾರಣಕ್ಕೆ. ಮನೆಗೇ ಕೆಲಸದವರನ್ನ ಕಳಿಸೋ ಆ್ಯಪ್ ಅರ್ಬನ್ ಕಂಪನಿ 2014ರಲ್ಲಿ ಅರ್ಬನ್‌ಕ್ಲ್ಯಾಪ್ ಅನ್ನೋ ಹೆಸರಲ್ಲಿ ಹುಟ್ಟಿ 2020ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಅದು ಬೆಳೆದದ್ದೂ ದೊಡ್ಡ ನಗರಗಳ ಅಪಾರ್ಟ್‌ಮೆಂಟುಗಳ ಮೇಲೆ. ಈಗ ಹತ್ತು-ಹದಿನೈದು ನಿಮಿಷದಲ್ಲಿ ಮನೆಗೆಲಸಕ್ಕೆ ಜನ ಕಳಿಸೋ ಆ್ಯಪ್‌ಗಳು ಬಂದಿವೆ, ಅವೂ ಅಲ್ಲೇ. ಒಂದೇ ಗೇಟಿನ ಒಳಗೆ ನಾನೂರು ಮನೆ ಇರೋ ಕಡೆ ಬೆಳಗ್ಗೆ ಏಳನೇ ಮಹಡಿ, ಮಧ್ಯಾಹ್ನ ಒಂಬತ್ತನೇ ಮಹಡಿ. ಲಿಫ್ಟ್ ಇದ್ದರಾಯ್ತು, ಪೆಟ್ರೋಲ್ ಬೇಡ.

ನಮ್ಮಲ್ಲಿ ಹಾಗಲ್ಲ. ಬೆಳಗ್ಗೆ ಗೋಪಾಳದಲ್ಲಿ ಒಂದು ಬುಕಿಂಗ್, ಮಧ್ಯಾಹ್ನ ಸೋಮಿನಕೊಪ್ಪದ ಕಡೆ ಇನ್ನೊಂದು, ನಡುವೆ ಏಣಿ ಹೊತ್ತುಕೊಂಡು ಬಿ.ಎಚ್. ರಸ್ತೆಯ ಟ್ರಾಫಿಕ್ಕು. ಭದ್ರಾವತಿಯಿಂದ ಒಂದು ಬಂದುಬಿಟ್ಟರೆ ಅರ್ಧ ದಿನ ರಸ್ತೆಗೇ ಹೋಯ್ತು. ಒಂದು ಲೆಕ್ಕ ಹಾಕೋಣ, ಅಂಕಿಗಳು ಬರೀ ಉದಾಹರಣೆಗೆ. ಗಿರಾಕಿ ಕೊಟ್ಟದ್ದು 1,200 ರೂಪಾಯಿ, ಆ್ಯಪ್‌ನ ಪಾಲು ನೂರಕ್ಕೆ 25 ಅಂತ ಇಟ್ಟುಕೊಂಡರೆ 300 ಹೋಯ್ತು. ಪೆಟ್ರೋಲು, ಲಿಕ್ವಿಡ್ಡು, ಬಟ್ಟೆ ಅಂತ 140 ಕಳೆಯಿರಿ. ಉಳಿದದ್ದು 760, ಇಬ್ಬರಿಗೆ ತಲಾ 380. ಇಂಥದ್ದು ದಿನಕ್ಕೆ ಎರಡು ಸಿಕ್ಕರೆ ಪುಣ್ಯ. ಅದೇ ವಿನೋಬನಗರದ ಒಂದೇ ಕ್ರಾಸಲ್ಲಿ ಮೂರು ಸಾಧಾರಣ ಮನೆ ಒಂದೇ ದಿನ ಹಿಡಿದರೆ, ಒಬ್ಬೊಬ್ಬರಿಗೆ 200 ಕಮ್ಮಿ ಮಾಡಿ 1,000ದಂತೆ ತಗೊಂಡರೂ 3,000. ಖರ್ಚು 240 ತೆಗೆದರೆ ತಲಾ 1,380. ಗಿರಾಕಿಗೂ ಉಳಿತಾಯ, ನಿಮಗೂ. ಕಿಟಕಿ ಕೆಲಸದಲ್ಲಿ ಗಳಿಕೆ ಅನ್ನೋದು ರೇಟಿನಲ್ಲಿ ಅಲ್ಲ, ಎರಡು ಮನೆಗಳ ನಡುವಿನ ದೂರದಲ್ಲಿದೆ. ಹಾಲು ಹಾಕೋನು ಬೀದಿ ಹಿಡಿದು ಹೋಗೋ ಹಾಗೆ ಹೋಗಬೇಕು. ಇಂಗ್ಲೆಂಡಲ್ಲಿ ಇದೇ ಕಸುಬು ಮಾಡೋರು ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಲ ಅದೇ ಬೀದಿ, ಅದೇ ಮನೆಗಳಿಗೆ ಸುತ್ತು ಹಾಕ್ತಾರೆ. ಕೆಲಸ ಬಿಡೋವಾಗ ಆ ಸುತ್ತನ್ನೇ ಇನ್ನೊಬ್ಬರಿಗೆ ಮಾರ್ತಾರೆ. ಆ್ಯಪ್ ನಿಮಗೆ ಬಿಡಿ ಬಿಡಿ ಕೆಲಸ ಕೊಡುತ್ತೆ, ಸುತ್ತು ಕೊಡಲ್ಲ.

ಇನ್ನು ರೇಟ್ ಕಾರ್ಡ್. ಆ್ಯಪಲ್ಲಿ 'ಕಿಟಕಿ ಒಂದಕ್ಕೆ ಇಷ್ಟು' ಅಂತ ಇರುತ್ತೆ. ಕಿಟಕಿ ಅಂದರೆ ಏನು ಅಂತ ಅದನ್ನ ಬರೆದವರಿಗೆ ಗೊತ್ತಿರಲ್ಲ. ಹೊರಗಡೆ ಗ್ರಿಲ್ ಕೂರಿಸಿದ್ದರೆ ವೈಪರ್ ಎಳೆಯೋಕೆ ಆಗಲ್ಲ, ಸರಳಿನ ಸಂದಿಯಲ್ಲಿ ಕೈ ತೂರಿಸಿ ಬಟ್ಟೆಯಲ್ಲೇ ಒರೆಸಬೇಕು. ಯುಪಿವಿಸಿ ಅಂದರೆ ಗಟ್ಟಿ ಪ್ಲಾಸ್ಟಿಕ್ ಫ್ರೇಮಿನ ಸ್ಲೈಡಿಂಗ್ ಕಿಟಕಿ ಆದರೆ ಗಾಜಿಗಿಂತ ಅದು ಜಾರೋ ಕೆಳಗಿನ ಚಾನೆಲ್‌ಗೇ ಜಾಸ್ತಿ ಹೊತ್ತು. ಅಲ್ಲಿ ಕೆಮ್ಮಣ್ಣಿನ ಧೂಳು, ಸತ್ತ ಮಳೆಹುಳ, ಸೊಳ್ಳೆ ಮೆಶ್‌ನ ಎಳೆ ಎಲ್ಲ ಸೇರಿ ಗಟ್ಟಿಯಾಗಿರುತ್ತೆ. ಮೊದಲೇ ನೀರು ಹಾಕಿದರೆ ಕೆಸರಾಗಿ ಮೂಲೆಗೆ ಮೆತ್ತಿಕೊಳ್ಳುತ್ತೆ. ಒಣಗಿದ್ದಾಗಲೇ ಬ್ರಷ್‌ನಲ್ಲಿ ಕೆರೆದು ತೆಗೆದು, ಆಮೇಲೆ ಒದ್ದೆ ಬಟ್ಟೆ. ಚಾನೆಲ್‌ನ ಹೊರ ಅಂಚಲ್ಲಿ ನೀರು ಹೋಗೋಕೆ ಸಣ್ಣ ತೂತು ಇರುತ್ತೆ. ಅದು ಕಟ್ಟಿಕೊಂಡರೆ ಜುಲೈ ಮಳೆಗೆ ನೀರು ಒಳಗೆ ಹರಿದು ಮಂಚದ ಕೆಳಗೆ ನಿಲ್ಲುತ್ತೆ. ಮನೆಯವರು ಕಿಟಕಿ ಹಾಕಿದವನನ್ನ ಬೈತಾರೆ, ಪಾಪ. ಒಂದು ಗಟ್ಟಿ ತಂತಿ ಹಾಕಿ ಆ ತೂತು ಬಿಡಿಸಿ, ಲೋಟದಲ್ಲಿ ನೀರು ಸುರಿದು ಅದು ಹೊರಗೆ ಹೋಗೋದನ್ನ ಮನೆಯಮ್ಮನಿಗೇ ತೋರಿಸಿ. ನನಗೆ ಪಕ್ಕದ ಮನೆಯ ಕೆಲಸ ಜಾಸ್ತಿ ಸಿಕ್ಕಿರೋದು ಈ ಲೋಟದ ನೀರಿಂದಲೇ.

ಬೋರ್‌ವೆಲ್ ನೀರಿನ ಬಿಳಿ ಕಲೆ ಇನ್ನೊಂದು ತಲೆನೋವು. ಬರೀ ಸ್ಪ್ರೇಗೆ ಹೋಗಲ್ಲ, ವಿನಿಗರ್ ಹಚ್ಚಿ ನೆನೆಯೋಕೆ ಬಿಡಬೇಕು. ಬಾತ್‌ರೂಮ್ ಟೈಲ್ಸ್‌ಗೆ ಹಾಕೋ ಆ್ಯಸಿಡ್ ಮಾತ್ರ ಕಿಟಕಿ ಹತ್ತಿರಕ್ಕೂ ತರಬೇಡಿ, ಅಲ್ಯೂಮಿನಿಯಂ ಫ್ರೇಮ್‌ನ ಬಣ್ಣ ತಿಂದುಹಾಕುತ್ತೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಮನೆಗಳಲ್ಲಿ ಬೇರೆಯದೇ ಕಥೆ. ಅಡಿಕೆಗೆ ಕೊಳೆ ರೋಗ ಬರಬಾರದು ಅಂತ ಬೋರ್ಡೋ ದ್ರಾವಣ ಹೊಡೀತಾರಲ್ಲ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಅದು ಗಾಳಿಗೆ ಹಾರಿ ಗಾಜಿನ ಮೇಲೆ ನೀಲಿ ಚುಕ್ಕೆಯಾಗಿ ಕೂತಿರುತ್ತೆ. ಮಲೆನಾಡಿನ ಮಳೆಗೂ ತೊಳೆದು ಹೋಗದೆ ಅಡಿಕೆ ಗೊನೆಗೆ ಅಂಟಿಕೊಂಡಿರಲಿ ಅಂತಲೇ ಮಾಡಿರೋ ಔಷಧಿ ಅದು, ನಿಮ್ಮ ವೈಪರ್‌ಗೆ ಬಗ್ಗುತ್ತಾ? ಇದಕ್ಕೂ ವಿನಿಗರ್ ಬೇಕು, ತಾಳ್ಮೆ ಬೇಕು, ಕೈಗೆ ಗ್ಲೌಸ್ ಬೇಕು. ಒಂದು ಕಿಟಕಿಗೆ ಮೂರು ಕಿಟಕಿಯ ಹೊತ್ತು. ನೋಡದೆ ರೇಟ್ ಹೇಳೋ ಕೆಲಸ ಅಲ್ಲ ಇದು. ಮೊದಲು ವಾಟ್ಸಾಪಲ್ಲಿ ಫೋಟೋ ತರಿಸಿಕೊಳ್ಳಿ, ಒಳಗಿಂದ ಒಂದು, ಹೊರಗಿಂದ ಒಂದು, ಚಾನೆಲ್‌ದು ಹತ್ತಿರದಿಂದ ಒಂದು.

ಎತ್ತರದ ಮಾತೂ ಇಲ್ಲೇ ಹೇಳಿಬಿಡ್ತೀನಿ. ಮಳೆ ನಿಂತು ಎಷ್ಟೋ ದಿನ ಕಳೆದರೂ ಸಜ್ಜಾ ಮೇಲೆ ಹಾವಸೆ ಇರುತ್ತೆ, ಒಣಗಿದ ಹಾಗೆ ಕಂಡರೂ ಕಾಲಿಟ್ಟರೆ ಜಾರುತ್ತೆ. ಒಂದನೇ ಮಹಡಿಗಿಂತ ಮೇಲೆ ಹೊರಗಡೆಯಿಂದ ಮಾಡೋದಿದ್ದರೆ ಉದ್ದ ಕೋಲು ಹಾಕಿ ನೆಲದ ಮೇಲಿಂದಲೇ ಮಾಡಿ, ಇಲ್ಲಾಂದ್ರೆ ಆಗಲ್ಲ ಅನ್ನಿ. ಆ್ಯಪಲ್ಲಿ ಹೀಗೆ ಆಗಲ್ಲ ಅಂದಾಗ ಕ್ಯಾನ್ಸಲ್ ನಿಮ್ಮ ಲೆಕ್ಕಕ್ಕೆ ಬೀಳೋದುಂಟು. ಬೆಂಗಳೂರಲ್ಲಿ ನಾನಿದ್ದ ಕಡೆ ಹಾಗೇ ಇತ್ತು. ಸಜ್ಜಾ ಮೇಲೆ ಇಳಿಯಲ್ಲ ಅಂದಿದ್ದಕ್ಕೆ ಗಿರಾಕಿ ಒಂದು ಸ್ಟಾರ್ ಕೊಟ್ಟರು, ರೇಟಿಂಗ್ ಇಳೀತು, ಬುಕಿಂಗ್ ಬರೋದೇ ನಿಂತುಹೋಯ್ತು. ಯಾರಿಗೆ ಹೇಳೋದು? ಸಹಾಯವಾಣಿಯಲ್ಲಿ ಮಾತಾಡಿದವರಿಗೆ ಸಜ್ಜಾ ಅಂದರೇನು ಅಂತ ವಿವರಿಸೋದರಲ್ಲೇ ಸಾಕಾಯ್ತು.

ನಮ್ಮ ಊರಿನ ಕ್ಯಾಲೆಂಡರ್ ಆ್ಯಪ್‌ಗೆ ಅರ್ಥ ಆಗಲ್ಲ, ನಿಮಗೆ ಅರ್ಥ ಆಗುತ್ತೆ, ನಿಮ್ಮ ಬಂಡವಾಳ ಅದೇ. ಏಪ್ರಿಲ್, ಮೇ ತಿಂಗಳಲ್ಲಿ 'ಮಳೆಗಾಲಕ್ಕೆ ಮುಂಚೆ ಚಾನೆಲ್ ಕ್ಲೀನಿಂಗ್' ಅಂತ ಹೇಳಿಕೊಂಡು ಹೋಗಿ. ಜೂನಿಂದ ಆಗಸ್ಟ್‌ವರೆಗೆ ಮನೆಗಳ ಹೊರಗಿನ ಕೆಲಸ ಸತ್ತಹಾಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳೋ ಜಿಲ್ಲೆ ಇದು, ಯಾರು ಗಾಜು ಒರೆಸಿಕೊಳ್ತಾರೆ? ಆ ಮೂರು ತಿಂಗಳು ನಿಮ್ಮನ್ನ ಸಾಕೋದು ಅಂಗಡಿಗಳು. ನೆಹರೂ ರಸ್ತೆ, ದುರ್ಗಿಗುಡಿಯ ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಕಣ್ಣಿನ ಆಸ್ಪತ್ರೆ, ಬೈಕ್ ಶೋರೂಂ ಇವರಿಗೆಲ್ಲ ಮಳೆ ಇದ್ದಷ್ಟೂ ಗಾಜು ಕೊಳಕು, ವಾರಕ್ಕೊಂದು ಸಲ ಬೇಕೇಬೇಕು. ಬಾಗಿಲು ತೆಗೆಯೋ ಹೊತ್ತಿಗೆ ಮುಗಿಸಿಕೊಡ್ತೀವಿ ಅಂತ ಹೇಳಿ, ತಿಂಗಳ ಲೆಕ್ಕ ಮಾತಾಡಿ. ಬಿಲ್ ಕೇಳ್ತಾರೆ, ಸಾದಾ ಬಿಲ್ ಬುಕ್ ಮಾಡಿಸಿಕೊಳ್ಳಿ. ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಇಂಥ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಗೌರಿ-ಗಣೇಶದಿಂದ ದೀಪಾವಳಿವರೆಗೆ ಫೋನ್ ಎತ್ತೋಕೆ ಪುರುಸೊತ್ತಿರಲ್ಲ. ಆಮೇಲೆ ಅಡಿಕೆ ಕೊಯ್ಲು ಶುರುವಾದರೆ ಕೂಲಿಗೆ ಹುಡುಗರು ಸಿಗಲ್ಲ, ನಮಗಿಂತ ಜಾಸ್ತಿ ಸಂಬಳ ತೋಟದಲ್ಲಿದೆ. ನೀವು ಅಣ್ಣ-ತಮ್ಮ ಇಬ್ಬರೇ ಮಾಡೋದಾದರೆ ಆ ಚಿಂತೆ ಇಲ್ಲ. ಹೋಂಸ್ಟೇಗಳಿಗೆ ಸೋಮವಾರದಿಂದ ಗುರುವಾರದ ಒಳಗೆ ಹೋಗಬೇಕು, ಒಂದೇ ದಾರಿಯಲ್ಲಿರೋ ಎರಡು-ಮೂರನ್ನ ಸೇರಿಸಿಕೊಂಡರೆ ಮಾತ್ರ ಗಿಟ್ಟುತ್ತೆ.

ಹಾಗಾದರೆ ಗಿರಾಕಿ ಎಲ್ಲಿಂದ ಬರ್ತಾರೆ ಅಂತೀರಾ? ನನಗೆ ಹೆಚ್ಚು ಕೆಲಸ ಕೊಟ್ಟಿರೋದು ಯುಪಿವಿಸಿ, ಅಲ್ಯೂಮಿನಿಯಂ ಕಿಟಕಿ ಮಾಡೋ ಫ್ಯಾಬ್ರಿಕೇಟರ್‌ಗಳು, ಪೇಂಟಿಂಗ್ ಮೇಸ್ತ್ರಿಗಳು. ಗೃಹಪ್ರವೇಶಕ್ಕೆ ಮುಂಚಿನ ವಾರ ಗಾಜಿನ ತುಂಬ ಸಿಮೆಂಟು, ಪೇಂಟ್ ಚುಕ್ಕೆ ಇರುತ್ತೆ. ಯಜಮಾನರು ಮೇಸ್ತ್ರಿಯನ್ನ ಹಿಡ್ಕೊಂಡಿರ್ತಾರೆ, ಮೇಸ್ತ್ರಿ ನಿಮಗೆ ಫೋನ್ ಮಾಡ್ತಾರೆ. ಸಿಮೆಂಟ್ ಹೆಚ್ಚು ದಿನ ಕೂತರೆ ಗಾಜನ್ನೇ ತಿನ್ನುತ್ತೆ, ಕಲೆ ಹೋದರೂ ಗುರುತು ಉಳಿಯುತ್ತೆ ಅಂತ ಮೊದಲೇ ಹೇಳಿಬಿಡಿ. ಟಫನ್ಡ್ ಗಾಜಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ, ಬ್ಲೇಡ್ ಹಾಕೋ ಮುಂಚೆ, ಗೆರೆ ಬಿದ್ದರೆ ಜವಾಬ್ದಾರಿ ಯಾರದ್ದು ಅಂತ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಗೂಗಲ್ ಮ್ಯಾಪಲ್ಲಿ ನಿಮ್ಮ ಹೆಸರು, ಫೋಟೋ ಹಾಕಿ, ಅದು ಪುಕ್ಕಟೆ. ದುಡ್ಡು ತಗೊಂಡು ಗಿರಾಕಿ ನಂಬರ್ ಕೊಡೋ ಪಟ್ಟಿಗಳಲ್ಲಿ ಒಂದೇ ನಂಬರ್ ನಾಲ್ಕೈದು ಜನಕ್ಕೆ ಹೋಗಿರುತ್ತೆ, ಕೊನೆಗೆ ಗೆಲ್ಲೋನು ಕಡಿಮೆ ಹೇಳಿದವನು. ನಾನಂತೂ ಆ ಕಡೆ ಹೋಗಲ್ಲ.

ಕೆಲಸ ಮುಗಿಸಿ ಹೊರಡೋವಾಗಲೇ ಮುಂದಿನ ದಿನಾಂಕ ಕೇಳಿಬಿಡಿ. "ಅಮ್ಮಾ, ದಸರಾಕ್ಕೆ ಮುಂಚೆ ಒಂದ್ಸಲ ಬಂದು ಹೋಗ್ಲಾ?" ಅಂದರೆ "ಬನ್ನಿ ಮಾರಾಯ್ರೆ, ನಾನೆಲ್ಲಿ ನೆನಪಿಟ್ಕೊಳ್ಳಲಿ, ನೀವೇ ಫೋನ್ ಮಾಡಿ" ಅಂತಾರೆ. ಮಾಡಿ. ಇಷ್ಟನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಳ್ಳೋಕೆ ಯಾವ ಆ್ಯಪ್‌ಗೂ ಪಾಲು ಕೊಡಬೇಕಿಲ್ಲ.

ಆದರೂ ಒಂದು ಸಲ ಆ್ಯಪ್ ನೋಡೋಣ ಅನ್ನಿಸಿದರೆ ನೋಡಿ, ತಪ್ಪಿಲ್ಲ. ಹೊಸ ಬಡಾವಣೆಗಳಲ್ಲಿ ಬೆಂಗಳೂರಿಂದ ಬಂದು ನೆಲೆಸಿದವರು ಆ್ಯಪಲ್ಲೇ ಹುಡುಕೋದು, ಅವರು ನಿಮಗೆ ಬೇರೆ ದಾರಿಯಲ್ಲಿ ಸಿಗಲ್ಲ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡೋರ, ಸಾಮಾಜಿಕ ಭದ್ರತೆಗೆ ಕಾನೂನೇ ಬಂದಿದೆ. ಕಾರ್ಮಿಕನಿಗೆ ಕೊಡೋ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯೋದಾದರೆ ಕಾರಣ ಹೇಳಿ 14 ದಿನ ಮೊದಲು ನೋಟಿಸ್ ಕೊಡಬೇಕು. ನಿಮ್ಮನ್ನ ಕರೀತಿರೋರು ಕಲ್ಯಾಣ ಮಂಡಳಿಯಲ್ಲಿ ನಿಮ್ಮನ್ನ ನೋಂದಾಯಿಸ್ತಾರಾ ಅಂತ ಕೇಳಿ. ಮುಖ ನೋಡಿದರೇ ಗೊತ್ತಾಗುತ್ತೆ.

ಮುಂಗಡದ ವಿಷಯಕ್ಕೆ ನನ್ನ ಉತ್ತರ ಬೇಡ ಅಂತಲೇ. ಮೊದಲ ಐದಾರು ಕೆಲಸದ ದುಡ್ಡಲ್ಲಿ ಹಿಡ್ಕೊಳ್ಳಿ ಅನ್ನಿ. ಒಪ್ಪಿದರೆ ಅವರ ಹತ್ತಿರ ನಿಜವಾಗಲೂ ಗಿರಾಕಿ ಇದ್ದಾರೆ ಅಂತ ಲೆಕ್ಕ, ಒಪ್ಪದಿದ್ದರೆ ಅವರ ವ್ಯಾಪಾರ ನಿಮ್ಮ ಮುಂಗಡವೇ. ಕಿಟ್ ನಮ್ಮಲ್ಲೇ ಕೊಳ್ಳಬೇಕು ಅಂದರೂ ಬೇಡ. ಏಣಿ, ಬಕೆಟ್ಟು, ಬ್ರಷ್ಷು, ಮೈಕ್ರೋಫೈಬರ್ ಬಟ್ಟೆ ಎಲ್ಲ ಗಾಂಧಿ ಬಜಾರ್ ಸುತ್ತಮುತ್ತಲೇ ಸಿಗುತ್ತೆ. ವೈಪರ್ ಒಂದನ್ನ ಮಾತ್ರ ರಬ್ಬರ್ ಬದಲಾಯಿಸೋಕೆ ಬರೋ ಅಂಥದ್ದು ತರಿಸಿ. ರಬ್ಬರ್ ಅಂಚು ಸವೆದರೆ ಎಷ್ಟು ಎಳೆದರೂ ಗಾಜಿನ ಮೇಲೆ ಗೆರೆ ನಿಲ್ಲುತ್ತೆ, ಬದಲಿ ರಬ್ಬರ್ ಯಾವಾಗಲೂ ಬ್ಯಾಗಲ್ಲಿರಲಿ.