ರಿಪೋರ್ಟ್ ನಾರ್ಮಲ್ ಇದೆ, ಮೂಳೆ?

ಪ್ರಶ್ನೆ: ನನಗೆ 48 ವರ್ಷ. ಮುಟ್ಟು 43ಕ್ಕೇ ನಿಂತಿತು. ಹೋದ ಮಳೆಗಾಲ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಹೆದರಿ ನಾನೂ ರಕ್ತ ಪರೀಕ್ಷೆ ಮಾಡಿಸಿದೆ. ಕ್ಯಾಲ್ಸಿಯಂ ನಾರ್ಮಲ್. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಹಾಗಾಗಿ ಬೆಲ್ಲದ ಕಾಫಿ ಮಾತ್ರ. 14ರ ಮಗಳೂ ಅದನ್ನೇ ಕುಡಿಯುತ್ತಾಳೆ. ಭಯ ಇಲ್ಲ ಅಲ್ವಾ ಡಾಕ್ಟ್ರೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಆ ರಿಪೋರ್ಟ್ ನಂಬಿ ಕೂರಬೇಡಿ. ಮಡಿಕೇರಿಯಲ್ಲಿ ನನ್ನ ಹತ್ತಿರ ಬರುವವರೂ ಇದೇ ಚೀಟಿ ಮುಂದೆ ಹಿಡಿಯುತ್ತಾರೆ. ಹೃದಯ, ಸ್ನಾಯು ಕೆಲಸ ಮಾಡಲು ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಊಟದಲ್ಲಿ ಸಾಲದಿದ್ದರೆ ದೇಹ ಅದನ್ನು ಮೂಳೆಯಿಂದ ಕಿತ್ತು ರಕ್ತಕ್ಕೆ ಹಾಕುತ್ತದೆ. ಮೂಳೆ ಸವೆಯುತ್ತಿದ್ದರೂ ರಿಪೋರ್ಟ್ ನಾರ್ಮಲ್ಲೇ! ಮೂಳೆಯ ಗಟ್ಟಿತನ ತಿಳಿಯಲು ಡೆಕ್ಸಾ ಸ್ಕ್ಯಾನ್ ಬೇಕು. ನೀವು ಮಾಡಿಸಲೇಬೇಕು. 45ಕ್ಕೆ ಮೊದಲೇ ಮುಟ್ಟು ನಿಂತಿದೆ, ಅಮ್ಮನ ಸೊಂಟವೂ ಮುರಿದಿದೆ. ಎರಡೂ ಎಚ್ಚರಿಕೆಯ ಗಂಟೆ.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ). ನಮ್ಮ ಕಡುಬು, ನೂಪುಟ್ಟು, ರೊಟ್ಟಿ ಎಲ್ಲಾ ಅಕ್ಕಿಯದೇ. 100 ಗ್ರಾಂ ಅಕ್ಕಿಯಲ್ಲಿ ಸಿಗುವ ಕ್ಯಾಲ್ಸಿಯಂ 10 ಮಿ.ಗ್ರಾಂ ಆಸುಪಾಸು. ಅಷ್ಟೇ ರಾಗಿಯಲ್ಲಿ ಸುಮಾರು 350. ದಿನಕ್ಕೊಂದು ಹೊತ್ತು ರಾಗಿಗೆ ಬದಲಾಯಿಸಿ. ಹಾಲು ಆಗದ ಬಹಳಷ್ಟು ಜನರಿಗೆ ಮೊಸರು ಆಗುತ್ತದೆ, ಸ್ವಲ್ಪ ಸ್ವಲ್ಪ ತಿಂದು ನೋಡಿ. ಎಳ್ಳು ಪಜ್ಜಿ (ಚಟ್ನಿ) ಇರಲಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಎಳ್ಳಿನ ಸಿಪ್ಪೆಯ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ.

ಮೀನು ತಿನ್ನುವವರಾದರೆ ಮಳೆಗಾಲಕ್ಕೆ ತಂದಿಟ್ಟ ಸಣ್ಣ ಒಣಮೀನಿದೆಯಲ್ಲ, ಅದು ಒಳ್ಳೆಯದು. ಬಿಸಿನೀರಲ್ಲಿ ನೆನೆಸಿ, ಉಪ್ಪು ಹೋಗುವಂತೆ ತೊಳೆದು, ಗರಿಗರಿಯಾಗಿ ಹುರಿಯಿರಿ. ಮುಳ್ಳು ಸಮೇತ ಅಗಿದು ತಿನ್ನಿ, ಕ್ಯಾಲ್ಸಿಯಂ ಇರುವುದೇ ಮುಳ್ಳಲ್ಲಿ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಟುಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮಗೆ ಬಿಸಿಲೇ ಅಪರೂಪ. ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಇನ್ನೊಮ್ಮೆ ರಕ್ತ ಕೊಡುವುದಿದ್ದರೆ ಅದನ್ನು ನೋಡಿಸಿ. ಸುಮ್ನೆ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗಬೇಡಿ. ಡಾಕ್ಟರ್ ಬರೆದುಕೊಟ್ಟರೆ, ಒಂದು ಸಲಕ್ಕೆ 500 ಮಿ.ಗ್ರಾಂ ಮೀರದಿರಲಿ. ಥೈರಾಯ್ಡ್ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರ ಬೇಕು.

ನಿಮಗಿಂತ ನನಗೆ ಮಗಳ ಯೋಚನೆಯೇ ಜಾಸ್ತಿ. ಮೂಳೆ ಕೂಡಿಟ್ಟುಕೊಳ್ಳುವ ವಯಸ್ಸು ಇದೇ. 30ರ ಹೊತ್ತಿಗೆ ಆ ಅವಕಾಶ ಬಹುಪಾಲು ಮುಗಿಯುತ್ತದೆ. ಬೆಲ್ಲದ ಕಾಫಿ ವಿಷವೇನಲ್ಲ, ಆದರೆ ಹಾಲಿನ ಜಾಗ ತಿಂದುಹಾಕುತ್ತಿದೆ. ಅವಳಿಗೂ ನಿಜವಾಗಿ ಹೊಟ್ಟೆ ಉಬ್ಬರಿಸುತ್ತದಾ, ಇಲ್ಲ ನಿಮ್ಮನ್ನು ನೋಡಿ ಹಾಲು ಬಿಟ್ಟಿದ್ದಾಳಾ? ಮೊದಲು ಅದನ್ನು ಕೇಳಿ.