ಫ್ರಾಯ್ಡ್ ಓದಿದ ಮೇಲೆ ಪ್ರಾರ್ಥನೆ ಬರುತ್ತಿಲ್ಲ

ಪ್ರಶ್ನೆ: ಮಂಗಳೂರಿನ ಒಂದು ಕ್ರಿಶ್ಚಿಯನ್ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೇನೆ. ಮನಃಶಾಸ್ತ್ರ ನನಗೆ ತುಂಬಾ ಇಷ್ಟ. ನಾವು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟೆಂಟ್ ಸಭೆಯವರು, ಅಪ್ಪ ಸಭೆಯ ಹಿರಿಯರಲ್ಲೊಬ್ಬರು. ಧರ್ಮ ಒಂದು ಭ್ರಮೆ ಎಂದು, ಮನೋವಿಶ್ಲೇಷಣೆ (ಮಾತಾಡಿಸಿ ಮನಸ್ಸಿನ ಆಳ ಹುಡುಕುವ ಚಿಕಿತ್ಸೆ) ಶುರುಮಾಡಿದ ಫ್ರಾಯ್ಡ್ ಹೇಳಿದ್ದನ್ನು ಕ್ಲಾಸಿನಲ್ಲಿ ಕೇಳಿದ ಮೇಲೆ, ಭಾನುವಾರ ಕ್ವಾಯರ್‌ನಲ್ಲಿ ಹಾಡುವಾಗ ನಾಟಕ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಇತ್ತ ಅಮ್ಮ ಆರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟ ಸೇರುವುದಿಲ್ಲ, ಸುಮ್ನೆ ಅಳುತ್ತಾರೆ. ಡಾಕ್ಟರಿಗೆ ತೋರಿಸೋಣ ಎಂದರೆ ಅಪ್ಪ, "ಪ್ರಾರ್ಥನೆ ಸಾಕು. ಕ್ರಿಶ್ಚಿಯನ್ ಕಾಲೇಜಿಗೆ ಸೇರಿಸಿದರೂ ನಿನ್ನ ವಿಶ್ವಾಸ ಹೋಯಿತಲ್ಲ, ಆ ಸೈಕಾಲಜಿ ಓದು ಬಿಡು" ಎನ್ನುತ್ತಾರೆ. ಬಿಟ್ಟುಬಿಡಲಾ?

ಉತ್ತರ: ತಂಗೀ, ಬಿಡಬೇಡ. ಆದರೆ ಮೊದಲು ಅಮ್ಮನ ವಿಷಯ ಮಾತಾಡೋಣ, ಅದು ಕಾಯುವಂಥದ್ದಲ್ಲ.

ಆರು ತಿಂಗಳಿಂದ ನಿದ್ದೆ ಇಲ್ಲ, ಊಟ ಇಲ್ಲ, ಅಳು ಅಂದರೆ ಡಾಕ್ಟರ್ ನೋಡಲೇಬೇಕು. ಥೈರಾಯ್ಡ್ ಇರಬಹುದು, ಖಿನ್ನತೆ ಇರಬಹುದು, ಎರಡೂ ಇರಬಹುದು. ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ನೀನಂತೂ ಕ್ಲಾಸ್ ನೋಟ್ಸ್ ಇಟ್ಟುಕೊಂಡು ಅಮ್ಮನಿಗೆ ಕೌನ್ಸೆಲಿಂಗ್ ಮಾಡಲು ಕೂರಬೇಡ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಬಿ.ಎ. ಆದ ಮೇಲೂ ಇನ್ನಷ್ಟು ಓದು, ಆಸ್ಪತ್ರೆಯಲ್ಲಿ ತರಬೇತಿ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಣಿ ಅಂತೆಲ್ಲ ಇರುವುದು ಸುಮ್ಮನೆ ಅಲ್ಲ. ಅಷ್ಟೆಲ್ಲ ಕಲಿತವರೂ ಸ್ವಂತ ತಾಯಿಗೆ ಚಿಕಿತ್ಸೆ ಕೊಡುವುದಿಲ್ಲ. ಹೋಗುವ ಧೈರ್ಯ ಬರುವವರೆಗೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನೋ ಥರದ ಮಾತು ಅಮ್ಮನ ಬಾಯಲ್ಲಿ ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು, ಅಪ್ಪನ ಒಪ್ಪಿಗೆಗೆ ಕಾಯಬೇಡ.

ಅಪ್ಪನ ಹತ್ತಿರ ಸೈಕಾಲಜಿ ಪುಸ್ತಕ ಹಿಡಿದು ವಾದ ಮಾಡಿದರೆ ಅವರು ಇನ್ನೂ ಗಟ್ಟಿಯಾಗುತ್ತಾರೆ. ಅವರಿಗೆ ಗೊತ್ತಿರುವ ಪುಸ್ತಕವನ್ನೇ ತೆಗೆ. ಅರಸುಗಳ ಮೊದಲನೇ ಪುಸ್ತಕದ 19ನೇ ಅಧ್ಯಾಯ. ಪ್ರವಾದಿ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು "ಸಾಕು ದೇವರೇ, ನನ್ನ ಪ್ರಾಣ ತಗೋ" ಎನ್ನುತ್ತಾನೆ. ಅಂಥವನಿಗೆ ದೇವದೂತ ನಿನಗೆ ವಿಶ್ವಾಸ ಕಡಿಮೆ ಅಂತ ಬೈಯಲಿಲ್ಲ. ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಅಪ್ಪನಿಗೆ ಇದನ್ನು ಓದಿ ಹೇಳು, ಅಮ್ಮನಿಗೂ ಮೊದಲು ನಿದ್ದೆ, ಊಟ ಸರಿಹೋಗಲಿ ಅಂತ ಕೇಳು. ಪ್ರಾರ್ಥನೆ ನಿಲ್ಲಿಸಿ ಅಂತ ಯಾವ ಒಳ್ಳೆಯ ಡಾಕ್ಟರೂ ಹೇಳುವುದಿಲ್ಲ. ಒಬ್ಬಳಿಗೇ ಆಗದಿದ್ದರೆ ಸಭಾಪಾಲಕರನ್ನು ಜೊತೆಗೆ ಕರೆದುಕೋ.

ಇನ್ನು ಫ್ರಾಯ್ಡ್. ಅರ್ಧ ತೊಂದರೆ ಆ 'ಭ್ರಮೆ' ಅನ್ನೋ ಪದದ್ದೇ ಅಂತ ನನಗನ್ನಿಸುತ್ತದೆ. ಪ್ರಾಕ್ಟಿಕಲ್‌ನಲ್ಲಿ ಮ್ಯೂಲರ್-ಲಯರ್ ಗೆರೆಗಳನ್ನು ನೋಡಿರುತ್ತೀಯಲ್ವಾ, ಎರಡೂ ಒಂದೇ ಉದ್ದ ಇದ್ದರೂ ಒಂದು ಉದ್ದ ಕಾಣುತ್ತದೆ, ಅದಕ್ಕೂ ಕನ್ನಡದಲ್ಲಿ ಭ್ರಮೆ ಅಂತೀವಿ, ಇಲ್ಲದ್ದನ್ನು ಇದೆ ಅಂತ ಹಟ ಹಿಡಿಯುವ ರೋಗಿಯ ನಂಬಿಕೆಗೂ ಭ್ರಮೆ ಅಂತಲೇ ಅಂತೀವಿ. ಫ್ರಾಯ್ಡ್ 1927ರಲ್ಲಿ 'ಒಂದು ಭ್ರಮೆಯ ಭವಿಷ್ಯ' ಅನ್ನೋ ಪುಸ್ತಕದಲ್ಲಿ ಬರೆದದ್ದು ಬೇರೆ ಅರ್ಥದಲ್ಲಿ. ಮನಸ್ಸಿನ ಆಸೆಯಿಂದ ಹುಟ್ಟಿದ ನಂಬಿಕೆ ಅಂತ. ಅದು ಸುಳ್ಳೇ ಆಗಬೇಕಿಲ್ಲ ಅಂತ ಅವನೇ ಹೇಳುತ್ತಾನೆ. ಸಾಧಾರಣ ಮನೆಯ ಹುಡುಗಿಯೊಬ್ಬಳು ರಾಜಕುಮಾರ ಬಂದು ಮದುವೆಯಾಗುತ್ತಾನೆ ಅಂತ ಕನಸು ಕಾಣುತ್ತಾಳೆ, ಅಪರೂಪಕ್ಕೆ ಹಾಗೆ ಆದದ್ದೂ ಇದೆ, ಇದು ಅವನೇ ಕೊಟ್ಟ ಉದಾಹರಣೆ. ಅವನು ದೇವರನ್ನು ನಂಬುತ್ತಿರಲಿಲ್ಲ, ನಿಜ. ಆದರೆ ಪ್ರಯೋಗ ಮಾಡಿ ದೇವರಿಲ್ಲ ಅಂತ ತೋರಿಸಿದವನೂ ಅಲ್ಲ.

ನಿನಗೆ ಓಸ್ಕರ್ ಫಿಸ್ಟರ್ ಬಗ್ಗೆ ಹೇಳಲೇಬೇಕು. ಜ್ಯೂರಿಕ್‌ನ ಪ್ರಾಟೆಸ್ಟೆಂಟ್ ಪಾಸ್ಟರ್, ಅಂದರೆ 1834ರಲ್ಲಿ ಮಂಗಳೂರಿಗೆ ಬಂದು ನಿಮ್ಮೂರಿನ ಸಭೆಗೆ ಮೂಲವಾದ ಬಾಸೆಲ್ ಮಿಷನ್ ಹುಟ್ಟಿದ ಸ್ವಿಟ್ಜರ್ಲೆಂಡಿನವರೇ. ಸಭೆ ನಡೆಸುತ್ತಲೇ ಮನೋವಿಶ್ಲೇಷಣೆ ಮಾಡುತ್ತಿದ್ದರು. 1909ರಿಂದ ಸುಮಾರು 30 ವರ್ಷ ಫ್ರಾಯ್ಡ್‌ನ ಗೆಳೆಯರು. ಆ ಪುಸ್ತಕ ಬಂದ ಮರುವರ್ಷವೇ "ನೀನು ಹೇಳಿದ್ದು ತಪ್ಪು" ಅಂತ ಫ್ರಾಯ್ಡ್‌ಗೆ ಉದ್ದದ ಉತ್ತರ ಬರೆದರು, ಅದು ಅಚ್ಚಾದದ್ದು ಫ್ರಾಯ್ಡ್‌ನ ಪತ್ರಿಕೆಯಲ್ಲೇ. ಗೆಳೆತನ ಹಾಗೇ ಉಳಿಯಿತು. ನಿನಗೆ ಸಿಗದಿರುವುದು ಇಂಥ ಒಬ್ಬರು ಜೊತೆಗಾರರು ಅಷ್ಟೇ. ಮನೆಯಲ್ಲಿ ಫ್ರಾಯ್ಡ್ ಹೆಸರೆತ್ತುವ ಹಾಗಿಲ್ಲ, ಕ್ಲಾಸಿನಲ್ಲಿ ಪ್ರಾರ್ಥನೆಯ ಮಾತಾಡಲು ನಾಚಿಕೆ. ಕ್ರಿಶ್ಚಿಯನ್ ಕಾಲೇಜಾದರೂ ಸಿಲೆಬಸ್ ಎಲ್ಲ ಕಡೆಯ ಥರದ್ದೇ, ಆದರೆ ಸೈಕಾಲಜಿ ಓದಿ ವಿಶ್ವಾಸವನ್ನೂ ಇಟ್ಟುಕೊಂಡಿರುವ ಸಿಸ್ಟರ್‌ಗಳು, ಫಾದರ್‌ಗಳು ನಿಮ್ಮ ಊರಲ್ಲಿ ಬೇಕಾದಷ್ಟಿದ್ದಾರೆ. ಒಬ್ಬರ ಹತ್ತಿರ ಹೋಗಿ, ನನಗೆ ಬರೆದದ್ದನ್ನೇ ಹೇಳು.

ಸಂದೇಹ ಇಟ್ಟುಕೊಂಡು ಹಾಡಿದರೆ ನಾಟಕ ಆಗುವುದಿಲ್ಲ. ಅಷ್ಟಾಗಿಯೂ ಕಷ್ಟ ಅನ್ನಿಸಿದರೆ ಒಂದು ತಿಂಗಳು ಕ್ವಾಯರ್‌ಗೆ ರಜೆ ಹಾಕು. ಕೆಳಗೆ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತ್ಕೋ.