ಹಿತ್ತಲಿನ ಗುಂಡಿಯಲ್ಲಿ ಸಿಕ್ಕ ಮಣ್ಣಿನ ಕೊಳವೆ: ವಿಜಯಪುರದ ಪ್ರಶ್ನೆಗೆ ಪ್ರತಿಕ್ರಿಯೆ

ಸಂರಕ್ಷಿತ ಗುಮ್ಮಟದಿಂದ ಸುಮಾರು 80 ಮೀಟರ್ ದೂರದ ನಿಮ್ಮ ಹಳೆಯ ಮನೆಯಲ್ಲಿ ಶೌಚಾಲಯದ ಗುಂಡಿ ತೋಡುವಾಗ ಗಾರೆಯಲ್ಲಿ ಹುದುಗಿದ ಸುಟ್ಟ ಮಣ್ಣಿನ ಕೊಳವೆ ಕಂಡಿದೆ, ಅದನ್ನು ಒಡೆದು ಮುಂದುವರಿಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಒಡೆಯಬೇಡಿ.

ಆದಿಲ್‌ಶಾಹಿ ಕಾಲದಲ್ಲಿ ಹತ್ತಿರದ ತೊರವಿ ಗ್ರಾಮದ ಕಡೆಯಿಂದ ಸುರಂಗದಲ್ಲಿಯೂ ಬೇಗಂ ತಲಾಬ್ ಎಂಬ ಕೆರೆಯಿಂದ ಇಂಥ ಕೊಳವೆಗಳಲ್ಲಿಯೂ ನಗರಕ್ಕೆ ನೀರು ಹರಿಯುತ್ತಿತ್ತು. ಗಂಜ್ ಎಂಬ ಗೋಪುರಗಳು ನಡುವೆ ಅದರ ಒತ್ತಡವನ್ನು ತಗ್ಗಿಸುತ್ತಿದ್ದವು. ನಿಮ್ಮದು ಆ ಜಾಲದ ತುಂಡೇ ಎಂಬುದನ್ನು ಕೊಳವೆಗಿಂತ ಅದು ಕುಳಿತಿರುವ ರೀತಿಯೇ ಹೇಳಬಲ್ಲದು: ಒಂದರ ಬಾಯಿ ಇನ್ನೊಂದರೊಳಗೆ ಕೂತ ಜೋಡಣೆ, ಒಳಮೈಗೆ ಅಂಟಿದ ಸುಣ್ಣದ ಪದರ, ಇಳಿಜಾರಿನ ದಿಕ್ಕು, ಸುತ್ತಲಿನ ಮಣ್ಣು. ಕಿತ್ತು ತೆಗೆದ ಮೇಲೆ ಅದು ಬರೀ ಬೋಕಿ, ಮಡಕೆಯ ಚೂರು.

ಇನ್ನು ಕಾನೂನಿನ ಮಾತು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಗಡಿಯಿಂದ ಮೊದಲ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರದ, ಅಂದರೆ ಈ ಕಾಯ್ದೆಯಡಿ ಇಂಥ ಅರ್ಜಿಗಳಿಗೆಂದು ನೇಮಕವಾದ ಅಧಿಕಾರಿಯ, ಅನುಮತಿ ಕೋರಬಹುದು. ನಿಮ್ಮ ಗುಂಡಿ ದುರಸ್ತಿಯೋ ಹೊಸ ನಿರ್ಮಾಣವೋ ಎಂಬುದನ್ನು ಗುತ್ತಿಗೆದಾರ ನಿರ್ಧರಿಸುವಂತಿಲ್ಲ, ಅವನು ಎಷ್ಟೇ ಧೈರ್ಯ ಹೇಳಿದರೂ.

ಸದ್ಯ ಜೆಸಿಬಿ ನಿಲ್ಲಿಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಹೊಸ್ತಿಲಿನಿಂದ ಆಳ ಅಳೆದು ಬರೆದಿಡಿ, ಗುಂಡಿಗೆ ತಾಡಪಾಲು ಮುಚ್ಚಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ಲಿಖಿತವಾಗಿ ತಿಳಿಸಿ. ಮುಂದೆ ಅನುಮತಿ ದೊರೆತರೆ, ಅಗೆಯುವ ದಿನ ಇಲಾಖೆಯವರೊಬ್ಬರು ಸ್ಥಳದಲ್ಲಿರಬೇಕೆಂದು ಅರ್ಜಿಯಲ್ಲಿಯೇ ಕೋರಿಕೊಳ್ಳಿ. ನಾಣ್ಯಗಳೇನಾದರೂ ಸಿಕ್ಕರೆ ಜಿಲ್ಲಾಧಿಕಾರಿ ಕಚೇರಿಗೂ ತಿಳಿಸಬೇಕಾಗುತ್ತದೆ.